ದಿಂಬಿನ ಚೀಲದ ಬಾವಲಿ

ಬಟ್ಟೆಗೆ ನೀರು ಚಿಮುಕಿಸುವುದು, ಸುರುಳಿ ಸುತ್ತುವುದು, ಬುಟ್ಟಿಯಲ್ಲಿ ಜೋಡಿಸುವುದು. ಅಂದೂ ಅವಳು ತುಟಿ ಪಿಟಕ್ಕೆನ್ನದೆ ಅದನ್ನೇ ಮಾಡುತ್ತಿದ್ದಳು. ತೇವ ಹಿಡಿದ ಬಟ್ಟೆ ಇಸ್ತ್ರಿಗೆ ಬೇಗ ಬಗ್ಗುತ್ತದೆ. ಇಸ್ತ್ರಿ ಅಂಗಡಿಯಲ್ಲಿ ಅವಳ ಹೆಸರು ಮೌನಗೌರಿ. ಶಾಲೆಯಲ್ಲಿ ಹಾಜರಿ ಕೂಗಿದಾಗಲೂ ಬಾಯಿ ಬಿಡದೆ ಗೈರಾಗುತ್ತಿದ್ದವಳು ಅವಳು. ಕೊನೆಗೆ ನಿಜವಾಗಿ ಶಾಲೆ ಬಿಟ್ಟಾಗ ಯಾರಿಗೂ ಗೊತ್ತಾಗಲೇ ಇಲ್ಲ.

ವರ್ಷದಿಂದ ವರ್ಷಕ್ಕೆ ಬಿಸಿಲು ಏರುತ್ತಿತ್ತು. ಈ ಸಲವಂತೂ ಅಂಗಡಿಯ ಹಿಂದಿನ ಮರದಿಂದ ಬಾವಲಿಗಳು ಮಾಗಿದ ಹಣ್ಣಿನಂತೆ ಉದುರುತ್ತಿದ್ದವು. ತಗಡಿನ ಮಾಡಿನ ಕೆಳಗೆ ಇಸ್ತ್ರಿ ಹಾಕುತ್ತಿದ್ದ ಬಸುರಿ ಅತ್ತಿಗೆಯೂ ಮೊನ್ನೆ ಕುಸಿದಿದ್ದಳು. ಆಮೇಲೆ ಅತ್ತಿಗೆಯ ಮೇಜನ್ನು ಮರದ ನೆರಳು ಬೀಳುವ ಕಿಟಕಿಯ ಹತ್ತಿರ ಸರಿಸಿದ್ದರು.

"ಬಾವಲಿ ಸಾಯೋದು, ಬಟ್ಟೆ ನಾರೋದು! ಮಧ್ಯಾಹ್ನ ಗರಗಸದವನು ಬರ್ತಾನೆ. ಮರಾನೇ ಬೇಡ," ಎಂದಿದ್ದ ಅಂಗಡಿಯ ಯಜಮಾನ, ಮೌನಗೌರಿಯ ಸೋದರಮಾವ.

ಮಾವನಿಗೆ ಹೇಳಬೇಕಾದ್ದನ್ನೆಲ್ಲ ಅವಳು ಬೆಳಗಿನಿಂದ ಅಂಗಿಗಳಿಗೆ ಮನಸ್ಸಿನಲ್ಲೇ ಹೇಳಿದ್ದಳು. ಅಂಗಿಗಳ ಮುಂದೆ ಅವಳದು ಮಹಾ ವಾಕ್ಚಾತುರ್ಯ. ಕಾಲರ್ ಎಷ್ಟೇ ಸೆಟೆದಿರಲಿ, ಒಂದೂ ಎದುರು ಮಾತಾಡಿರಲಿಲ್ಲ.

ಹಿತ್ತಿಲಲ್ಲಿ ಏನೋ ಧೊಪ್ಪೆಂದಿತು. ಬಾವಲಿಯ ಮರಿ, ಇನ್ನೂ ಉಸಿರಾಡುತ್ತಿತ್ತು. ಮುಟ್ಟಲು ಹೆದರಿ ಒದ್ದೆ ದಿಂಬಿನ ಚೀಲದಿಂದಲೇ ಎತ್ತಿಕೊಂಡು, ತಂಪಾಗಿರಲೆಂದು ಬುಟ್ಟಿಯೊಳಗಿಟ್ಟಳು. ಆದರೆ ಕೈಗೆ ಅಭ್ಯಾಸಬಲ. ಚೀಲವನ್ನು ಉಳಿದವುಗಳಂತೆಯೇ ಅಚ್ಚುಕಟ್ಟಾಗಿ ಸುತ್ತಿಬಿಟ್ಟಿದ್ದಳು! ಒಳಗಿಂದ ನೀರು ತಂದು ನೋಡಿದರೆ, ಯಾವ ಸುರುಳಿ ಯಾವುದೆಂದು ಅವಳಿಗೇ ತಿಳಿಯಲಿಲ್ಲ. ಜನ್ಮಕ್ಕೊಂದು ಕೆಲಸ ನೆಟ್ಟಗೆ ಕಲಿತದ್ದು, ಅದೇ ಮುಳುವಾಯಿತು.

ಅಷ್ಟರಲ್ಲಿ ಮಾವ ಒಂದು ಸುರುಳಿ ಎತ್ತಿ ಮೇಜಿನ ಮೇಲೆ ಬಿಚ್ಚಿದ. ಇನ್ನೊಂದು ಕೈಯಲ್ಲಿ ಕಾದ ಇಸ್ತ್ರಿ ಪೆಟ್ಟಿಗೆ.

"ಅಯ್ಯಯ್ಯಪ್ಪೋ!" ಮಾವ ಮೂರು ಮೊಳ ಹಿಂದಕ್ಕೆ ಹಾರಿದ.

"ಏನಾಯ್ತು ಮಾವ?" ಅತ್ತಿಗೆ ಇಣುಕಿದಳು. "ಓಹೋ, ದಿಂಬಿಗೂ ಹಲ್ಲು ಬಂದಿದ್ಯಾ!" ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಗ್ತೀಯಾ? ಯಾವಳು ಇಟ್ಟಿದ್ದು ಇದನ್ನ?"

ಅಂಗಡಿಯಲ್ಲಿದ್ದದ್ದೇ ಇಬ್ಬರು ಹೆಂಗಸರು, ಒಬ್ಬಳು ನಗುತ್ತಿದ್ದಳು. ಮೌನಗೌರಿ ಕೈ ಎತ್ತಿದಳು. ಹಾಜರಿಗೆ ಎತ್ತದ ಕೈ!

ಬಾಗಿಲಲ್ಲಿ ಗರಗಸದವನು ಬಂದು ನಿಂತ. ಬಿಸಿಲಲ್ಲಿ ನಡೆದು ಮುಖ ಕೆಂಪೇರಿತ್ತು. "ಯಾವ ಮರ ಯಜಮಾನ್ರೇ?" ಎಂದವನೇ, ಉತ್ತರಕ್ಕೂ ಕಾಯದೆ ಹಿತ್ತಿಲಿಗೆ ಹೋಗಿ ಅದೇ ಮರದ ನೆರಳಲ್ಲಿ ಕೂತು ಬೆವರು ಒರೆಸಿಕೊಂಡ.

ಈಗಲ್ಲದಿದ್ದರೆ ಇನ್ನಿಲ್ಲ. ಅಂಗಿಗಳಿಗೆ ಹೇಳಿದ್ದ ಭಾಷಣವೆಲ್ಲ ಆವಿಯಾಗಿ ಹೋಗಿತ್ತು. ತಳದಲ್ಲಿ ಉಳಿದದ್ದು ಇಷ್ಟೇ:

"ಮಾವ, ಮರ ಇರ್ಲಿ ಮಾವ. ಅತ್ತಿಗೆಗೆ ನೆರಳು ಬೇಕು."

ಅತ್ತಿಗೆಯ ನಗು ನಿಂತಿತು. ಮಾವ ಕಿಟಕಿಯ ಕಡೆ ನೋಡಿದ. ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು, ಗರಗಸದವನನ್ನು ವಾಪಸು ಕಳಿಸಲು ಹಿತ್ತಿಲಿಗೆ ನಡೆದ.