ಮೆಣಸಿನಕಾಯಿ ಘಾಟು

ನನ್ನ ಮೊಮ್ಮಗಳು ಸ್ನೇಹಳಿಗೆ ಆರು ವರ್ಷ. ರಕ್ತದ ಕ್ಯಾನ್ಸರು. ಮೈಸೂರಿನ ಡಾಕ್ಟರು ಕೀಮೋ ಕೊಟ್ಟು ನಮ್ಮೂರು ಅರಕೆರೆಗೆ ಕಳಿಸುವಾಗ, ಒಂದು ನೆಗಡಿ ತಡೆಯುವಷ್ಟೂ ಶಕ್ತಿ ಈಗ ಮಗುವಿನ ಮೈಯಲ್ಲಿಲ್ಲ, ಕೆಮ್ಮಿದರೆ ಆಗಲೇ ಕರೆತನ್ನಿ ಎಂದಿದ್ದರು. ಅಂದಿನಿಂದ ನಾನು ಬಾಗಿಲಿಗೆ ಅಡ್ಡ ನಿಂತೆ. ಕಿಕ್ಕೇರಿಯಿಂದ ನನ್ನ ತಂಗಿ ಪುಟ್ಟಲಕ್ಷ್ಮಮ್ಮ ದ್ರಾಕ್ಷಿ, ಬ್ರೆಡ್ಡು ಹಿಡಿದು ಮೂಗು ಸೀಟುತ್ತಾ ಬಂದಾಗ ಜಗಲಿಯಿಂದಲೇ ಅಟ್ಟಿದೆ.

"ಸಿಂಬಳ ಸುರಿಸ್ಕಂಡು ಮಗು ನೋಡಕ್ಕೆ ಬಂದಿದ್ದೀಯಲ್ಲ, ಬುದ್ಧಿ ಐತಾ ನಿಂಗೆ? ಓಗತ್ಲಾಗೆ!"

ಅವಳು ಅಳುತ್ತಾ ಹೋದಳು. ಹೋಗಲಿ, ನನಗೇನು!

ಆದರೆ ಕೂದಲುದುರಿದ ಆ ತಲೆಯನ್ನು ಬೀದಿಯವರೆಲ್ಲ ಕಿಟಕಿಯಿಂದ ನೋಡಿ ಲೊಚಗುಟ್ಟುವುದನ್ನು ನನ್ನಿಂದ ಸಹಿಸಲಾಗಲಿಲ್ಲ. ಶುಕ್ರವಾರ ಸಂಜೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಘಾಟು ಬರದಿದ್ದರೆ ದೃಷ್ಟಿ ತಗುಲಿದೆ ಎಂದರ್ಥ. ಸ್ನೇಹ ಖೊಕ್ ಖೊಕ್ ಎಂದು ಕೆಮ್ಮಿದಳು. ಸದ್ಯ, ದೃಷ್ಟಿಯಿಲ್ಲ ಎಂದು ನನ್ನ ಜೀವ ತಣ್ಣಗಾಯಿತು.

ಶನಿವಾರವೂ ಕೆಮ್ಮಿದಳು. "ಅತ್ತೆ, ಆಸ್ಪತ್ರೆಗೆ ಓಗುವಾ" ಎಂದಳು ಸೊಸೆ ರಮ್ಯ.

"ನೆನ್ನೆ ಘಾಟು ಕಣೆ, ಬುಡು. ಸುಮ್ಕೆ ಎಳೆ ಕೂಸ್ಗೆ ಸೂಜಿ ಚುಚ್ಚಿಸ್ಬ್ಯಾಡ."

ಭಾನುವಾರ ಜ್ವರ ಬಂತು. ಮೈಸೂರು ತಲುಪುವಷ್ಟರಲ್ಲಿ ಮಗು ಉಸಿರಿಗೆ ಒದ್ದಾಡುತ್ತಿತ್ತು. ವೈರಸ್ಸು ಶ್ವಾಸಕೋಶಕ್ಕಿಳಿದಿದೆ ಎಂದರು. ಕೆಮ್ಮು ಯಾವಾಗಿನಿಂದ ಎಂದು ಡಾಕ್ಟರು ಕೇಳಿದರು. ರಮ್ಯ ನನ್ನ ಮುಖ ನೋಡಿ, "ಶುಕ್ರವಾರದಿಂದ ಸಾರ್. ನಂಗೇ ತಿಳೀಲಿಲ್ಲ" ಎಂದಳು. ನನ್ನ ಮಗ ತಿಮ್ಮರಾಜು ಎಲ್ಲರೆದುರೇ, "ತಾಯಾಗಿ ಇಷ್ಟೂ ಗೊತ್ತಾಗ್ಲಿಲ್ವಾ?" ಎಂದು ಅವಳ ಮೇಲೆ ಹರಿಹಾಯ್ದ. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ಕುಳಿತೆ.

ಎಂಟನೇ ದಿನ ಸ್ನೇಹ ಹೋದಳು.

ಹಾಲುತುಪ್ಪ ಬಿಟ್ಟು ಬಂದ ದಿನ ತಿಮ್ಮರಾಜು ಮತ್ತೆ ಶುರುಮಾಡಿದ. ರಮ್ಯ ತಲೆ ಬಗ್ಗಿಸಿ ಲೋಟ ತೊಳೆಯುತ್ತಿದ್ದಳು. ಅವಳ ಕಣ್ಣಲ್ಲಿ ಇನ್ನೂ ಒಂದು ಹನಿ ನೀರು ಬಂದಿರಲಿಲ್ಲ. ನಾನು ಮೂಲೆಯಿಂದಲೇ ಕೂಗಿದೆ.

"ಅವ್ಳನ್ಯಾಕ್ಲಾ ಅಂತೀಯಾ? ಅವ್ಳು ಶನಿವಾರಾನೇ ಓಗುವಾ ಅಂದ್ಲು. ಬ್ಯಾಡ ಅಂದೋಳು ನಾನು ಕಣ್ಲಾ. ನಾನೇ ಕೊಂದ್ಬುಟ್ಟೆ."

ರಮ್ಯ ಲೋಟ ಅಲ್ಲೇ ಬಿಟ್ಟು ಬಂದು, ಮೂಲೆಯಲ್ಲಿ ಕುಳಿತಿದ್ದ ನನ್ನ ಮಡಿಲಿಗೆ ಬಿದ್ದು ಗೋಳೋ ಎಂದು ಅತ್ತಳು.

"ನಿಮ್ ಬಾಯಿಂದ್ಲೇ ಬರ್ಲಿ ಅಂತ ಕಾಯ್ತಿದ್ದೆ ಕಣತ್ತೆ" ಎಂದಳು.