ಹುಳದ ಮನೆಯಲ್ಲಿ ಮಲಗುವವರು

ನಗರಸಭೆಯವರು ನಾಗಲಕ್ಷ್ಮಮ್ಮನಿಗೆ ಒಪ್ಪಿಸಿದ್ದ ಕೆಲಸ ಕೇಳುವುದಕ್ಕೆ ಬಹಳ ಸಲೀಸಾಗಿತ್ತು. ಮನೆಯಲ್ಲಿ ಎಷ್ಟು ಜನ, ಎಷ್ಟು ಕೋಣೆ, ಯಾರಿಗೆ ಏನು ಕಾಯಿಲೆ ಎಂದು ವಿಚಾರಿಸಿಕೊಂಡು ಬರಬೇಕು, ಅಷ್ಟೆ. ಹೀಗೆ ಸಲೀಸಾದ ಕೆಲಸಗಳೇ ಜೀವ ಹಿಂಡುತ್ತವೆ ಎಂಬುದು ವರ್ಷಗಟ್ಟಲೆ ದಾದಿಯ ಕೆಲಸ ಮಾಡಿದ್ದ ಅವಳಿಗೆ ಗೊತ್ತಿತ್ತು. ಆದರೂ ಹೂಂ ಎಂದಿದ್ದಳು.

ರಾಮನಗರದ ಅಂಚಿಗಿದ್ದ ಕೆರೆಕೋಡಿ ಬೀದಿ ಮೊನ್ನೆ ಮೊನ್ನೆಯವರೆಗೂ ಹಳ್ಳಿ. ಈಗ ಅದು ವಾರ್ಡು. ಅರ್ಧ ಬೀದಿಯವರು ಹಿಪ್ಪುನೇರಳೆ ತೋಟ ತೆಗೆದು ಸಾಲು ಕೋಣೆ ಕಟ್ಟಿಸಿ, ಬಿಡದಿ ಕಾರ್ಖಾನೆಗಳ ಹುಡುಗರಿಗೆ ಬಾಡಿಗೆಗೆ ಕೊಟ್ಟಿದ್ದರು. ಇನ್ನರ್ಧ ಬೀದಿಯವರು ಇನ್ನೂ ರೇಷ್ಮೆ ಹುಳ ಸಾಕುತ್ತಿದ್ದರು, ಅದೂ ತಾವಿರುವ ಮನೆಯೊಳಗೇ. ಇಬ್ಬರಿಗೂ ಒಂದೇ ಚರಂಡಿ. ಅದು ಹರಿಯುತ್ತಿರಲಿಲ್ಲ ಎಂಬುದು ಬೇರೆ ಮಾತು.

ರಾಮಲಿಂಗಯ್ಯನ ಮನೆ ಬೀದಿಯ ಕೊನೆಯದು. ಬಾಗಿಲ ಮುಂದೆ ಸುಣ್ಣದ ಪುಡಿಯ ಗೆರೆ ಎಳೆದಿತ್ತು. ನಾಗಲಕ್ಷ್ಮಮ್ಮ ಅದನ್ನು ದಾಟುವ ಮೊದಲೇ ಒಳಗಿಂದ ಅವನ ಹೆಂಡತಿ ಕಾವೇರಮ್ಮನ ದನಿ ಬಂತು.

"ಅಲ್ಲೇ ನಿಂತ್ಕೊ ಕಣವ್ವಾ! ಇವತ್ತು ಯಾರ್ ಮನೆ ಹುಳ ನೋಡ್ಕಂಡ್ ಬಂದೆ?"

ಹುಳ ಸಾಕುವ ಮನೆಯಲ್ಲಿ ಹೊರಗಿನವರಿಗೆ ಮೊದಲು ಕೇಳುವ ಪ್ರಶ್ನೆ ಇದು. ಒಂದು ಮನೆಯ ಹುಳದ ರೋಗ ಇನ್ನೊಂದು ಮನೆಗೆ ಬಂದವರ ಕಾಲಿನಲ್ಲೇ ಹೋಗುತ್ತದೆ. ನಾಗಲಕ್ಷ್ಮಮ್ಮ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

"ಕೆಂಚಯ್ಯನೋರ ಮನೆಗೆ ಹೋಗಿದ್ದೆ ಕಣಕ್ಕಾ. ಅವರ ಹುಳಕ್ಕೆ ಹಾಲುತೊಂಡೆ ಬಂದ್ಬುಟ್ಟೈತೆ."

ಹಾಲುತೊಂಡೆ ಎಂದರೆ ಹುಳ ಊದಿಕೊಂಡು, ಮೈಯಿಂದ ಹಾಲಿನಂಥ ನೀರು ಸೋರಿ ಸಾಯುವ ರೋಗ. ಕಾವೇರಮ್ಮ ಎದೆ ಮುಟ್ಟಿಕೊಂಡಳು. "ನಮ್ಮವು ಕೊನೇ ಪೊರೆ ಬುಟ್ಟು ಈಗಿನ್ನೂ ಮೇವಿಗೆ ಬಾಯಿ ಹಾಕ್ತಾ ಅವೆ. ಗೂಡು ಕಟ್ಟಕ್ಕೆ ಇನ್ನೊಂದು ವಾರ ಬೇಕು. ಅದೇನ್ ಕೇಳ್ತೀಯೋ ಅಲ್ಲಿಂದ್ಲೇ ಕೇಳು."

ಹೀಗೆ ಅಂಗಳದಲ್ಲಿ ನಿಂತೇ ವಿಚಾರಣೆ ನಡೆಯಿತು. ಜನ ಎಷ್ಟು? ನಾನು, ಯಜಮಾನ್ರು, ಮಗ ಲೋಕೇಶ, ಮೂರೇ. ಕೋಣೆ? ನಡುಮನೆ, ಎರಡು ಕೋಣೆ, ಅಡಿಗೆಮನೆ. ಕಾಯಿಲೆ? ದೇವರ ದಯೆ, ಯಾರಿಗೂ ಇಲ್ಲ. ಮೂವರಿಗೆ ಇಷ್ಟು ದೊಡ್ಡ ಮನೆ, ಕಾಯಿಲೆಯೂ ಇಲ್ಲ. ನಗರಸಭೆಯ ಸಾಹೇಬರು ಓದಿದರೆ ಕಣ್ಣಿಗೆ ಒತ್ತಿಕೊಳ್ಳುವಂಥ ಸಂಸಾರ. ನಾಗಲಕ್ಷ್ಮಮ್ಮ ಬರೆದುಕೊಂಡು ಹೊರಟಳು.

ಆಗ ಹಿತ್ತಲಿನಿಂದ ಮಗುವಿನ ಕೆಮ್ಮು ಕೇಳಿಸಿತು.

"ಅದ್ಯಾರಕ್ಕಾ?"

"ನಮ್ ರಾಧಾಮಣಿ ಮೊಗ. ಬಾಣಂತನಕ್ಕೆ ಬಂದವ್ಳೆ. ಅವಳು ಮಾಗಡಿ ಕಡೆಗೆ ಕೊಟ್ಟ ಹೆಣ್ಣಲ್ವಾ, ನಮ್ಮನೆ ಲೆಕ್ಕಕ್ಕೆ ಎಲ್ಲಿ ಬತ್ತಾಳೆ?"

ನಾಗಲಕ್ಷ್ಮಮ್ಮನ ಮೈ ಉರಿದುಹೋಯಿತು. ಮಾಗಡಿಯಲ್ಲಿ ಕೇಳಿದರೆ ಸೊಸೆ ತವರಿಗೆ ಹೋಗಿದ್ದಾಳೆ ಎನ್ನುತ್ತಾರೆ, ಇಲ್ಲಿ ಕೇಳಿದರೆ ಕೊಟ್ಟ ಹೆಣ್ಣು ಎನ್ನುತ್ತಾರೆ. ಹೆತ್ತವಳೂ ಕೂಸೂ ಯಾವ ಊರಿನಲ್ಲೂ ಇಲ್ಲ! ಅವಳು ಮನೆಯ ಪಕ್ಕದಿಂದ ಸುತ್ತಿಕೊಂಡು ಹಿತ್ತಲಿಗೆ ನಡೆದಳು.

ಮೂರು ಕಡೆ ತಗಡು, ಒಂದು ಕಡೆ ಗೋಣಿಚೀಲದ ಪರದೆ ಇದ್ದ ಶೆಡ್ಡು. ಡಿಸೆಂಬರಿನ ಗಾಳಿ ಅಡಿಯಿಂದ ನುಗ್ಗುತ್ತಿತ್ತು. ಹಗ್ಗದ ಮಂಚದ ಮೇಲೆ ರಾಧಾಮಣಿ ಕಿವಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದಳು. ತೊಡೆಯ ಮೇಲಿದ್ದ ಮಗು ಉಸಿರೆಳೆದಾಗಲೆಲ್ಲ ಪಕ್ಕೆ ಗುಳಿ ಬೀಳುತ್ತಿತ್ತು.

"ಒಳಗೆ ಯಾಕೆ ಮಲಗಿಲ್ಲವ್ವಾ?"

"ಮೊಗಕ್ಕೆ ಸಾಂಬ್ರಾಣಿ ಹೊಗೆ ಹಾಕ್ತಾರಲ್ಲ, ಅದು ಹುಳಕ್ಕೆ ಆಗಲ್ವಂತೆ. ನಡುಮನೇಲಿ ಹುಳ, ದೊಡ್ಡ ಕೋಣೇಲಿ ಹುಳ, ಚಿಕ್ಕ ಕೋಣೆ ತುಂಬ ಸೊಪ್ಪು. ಅಪ್ಪಯ್ಯ, ಅವ್ವ, ಲೋಕೇಶ ಎಲ್ಲಾ ಜಗಲಿ ಮೇಲೆ ಮನಿಕ್ಕತ್ತಾರೆ. ಬೆಳೆ ಮುಗಿಯಗಂಟ ಒಸಿ ತಡ್ಕೊ ಅಂದ್ರು." ರಾಧಾಮಣಿ ಅಳತೊಡಗಿದಳು. "ನೆನ್ನೆಯಿಂದ ಹಾಲೇ ಕುಡೀತಿಲ್ಲ ಕಣಕ್ಕಾ."

ಅಷ್ಟು ಕೋಣೆಗಳಲ್ಲಿ ಒಬ್ಬ ಮನುಷ್ಯನೂ ಮಲಗುತ್ತಿರಲಿಲ್ಲ. ಕೋಣೆ ಎಷ್ಟು ಎಂದು ಕೇಳಿಕೊಂಡು ಬರಲು ಹೇಳಿದ್ದ ನಗರಸಭೆಯವರಿಗೆ, ಅದರಲ್ಲಿ ಯಾರು ಮಲಗುತ್ತಾರೆ ಎಂದೂ ಕೇಳಬೇಕೆಂದು ಹೊಳೆದಿರಲಿಲ್ಲ.

ನಾಗಲಕ್ಷ್ಮಮ್ಮ ಆಟೋ ಕರೆಸಿದಳು. ಕಾವೇರಮ್ಮ ಬಾಗಿಲಿಗೆ ಬಂದು ಮಗುವನ್ನು ನೋಡಿದಳು.

"ಸೊಪ್ಪು ಹಾಕೋ ಹೊತ್ತು, ಮನೇಲಿ ಬೇರೆ ಯಾರೂ ಇಲ್ಲ. ನೀವು ನಡೀರಿ" ಎಂದಷ್ಟೇ ಹೇಳಿದಳು.

"ಹುಳಾನೇ ತಬ್ಕಂಡ್ ಕೂತ್ಕೊ ತಾಯಿ" ಎಂದು ನಾಗಲಕ್ಷ್ಮಮ್ಮ ಆಟೋದೊಳಗಿಂದ ಕೂಗಿದಳು.

ಮಗುವಿಗೆ ನ್ಯುಮೋನಿಯಾ ಆಗಿತ್ತು. ಎರಡು ರಾತ್ರಿ ಆಸ್ಪತ್ರೆಯಲ್ಲಿಟ್ಟುಕೊಂಡರು. ಮೂರನೆಯ ದಿನ ಮಗು ಮೊಲೆಗೆ ಬಾಯಿ ಹಾಕಿತು. ಮನೆಗೆ ಕಳಿಸುವಾಗ ಡಾಕ್ಟರು, ಹೊಗೆ ಬೇಡ, ಗಾಳಿ ನುಗ್ಗುವ ಕಡೆ ಮಲಗಿಸಬೇಡಿ, ಇನ್ನೊಮ್ಮೆ ಹೀಗಾದರೆ ನಮ್ಮ ಕೈಯಲ್ಲೂ ಇಲ್ಲ ಎಂದರು.

"ಅವ್ವ ಒಪ್ಪಕ್ಕಿಲ್ಲ ಕಣಕ್ಕಾ" ಎಂದಳು ರಾಧಾಮಣಿ. "ವರ್ಷದ ಬಟ್ಟೆ ಬರೆ, ಅಪ್ಪಯ್ಯನ ಸಾಲ, ಎಲ್ಲಾ ಆ ಹುಳದ ಮೇಲೇ ಐತೆ."

"ನಾನ್ ಒಪ್ಪಿಸ್ತೀನಿ, ಸುಮ್ನಿರು" ಎಂದ ನಾಗಲಕ್ಷ್ಮಮ್ಮ ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡಳು. ಒಂದಕ್ಕಿಂತ ಒಂದು ಖಾರವಾಗಿದ್ದವು. ಆಟೋ ಇಳಿದು, ಮಗುವನ್ನು ತಾನೇ ಎತ್ತಿಕೊಂಡು, ಸುಣ್ಣದ ಗೆರೆಯ ಹತ್ತಿರ ಅಭ್ಯಾಸಬಲದಿಂದ ನಿಂತಳು.

ಬಾಗಿಲು ಹಾರುಹೊಡೆದಿತ್ತು. ನಡುಮನೆಯಲ್ಲಿ ಹುಳದ ಒಂದು ತಟ್ಟೆಯೂ ಇರಲಿಲ್ಲ. ನೆಲ ಸಾರಿಸಿ ಆರಿತ್ತು. ಗೋಡೆ ಬದಿಗೆ ಹಗ್ಗದ ಮಂಚ ಹಾಕಿ, ಕಂಬಳಿ ಹಾಸಿ, ಕಿಟಕಿಯ ಸಂದಿಗೆ ಬಟ್ಟೆ ತುರುಕಿದ್ದರು. ಮನೆಯ ಪಕ್ಕದಿಂದ ಕಾಣುತ್ತಿದ್ದ ಹಿತ್ತಲ ಶೆಡ್ಡಿನ ಸುತ್ತ ಹಳೆಯ ಸೀರೆ, ರಗ್ಗು, ಗೋಣಿಚೀಲ ಬಿಗಿದಿತ್ತು.

ಕಾವೇರಮ್ಮ ಶೆಡ್ಡಿನಿಂದ ಹೊರಬಂದು ಬಾಗಿಲ ಕಡೆಗೆ ನಡೆದು ಬಂದಳು. ಕೈಯೆಲ್ಲ ಸೊಪ್ಪಿನ ಕರೆ. ಕಣ್ಣು ಕೆಂಪಗಿದ್ದವು.

"ನಡುಮನೆ ಹುಳ ಪೂರಾ ಶೆಡ್ಡಿಗೆ ಹಾಕ್ದೆ. ಚಳಿಗೆ ಅರ್ಧಕ್ಕರ್ಧ ಮೇವು ಬುಟ್ಟವೆ" ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳಿಗೆ ಹುಳದ ಸಂಕಟ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಚೆನ್ನಾಗಿಯೇ ಇತ್ತು. "ಹೋಗ್ಲಿ ಬುಡು. ಮೊಗ ಹಾಲು ಕುಡೀತಾ?"

"ಕುಡೀತು."

ನಾಗಲಕ್ಷ್ಮಮ್ಮನ ಬೈಗುಳವೆಲ್ಲ ಗಂಟಲಲ್ಲೇ ಉಳಿಯಿತು. ಅವತ್ತು ಬೆಳಿಗ್ಗೆಯೂ ಅವಳು ಕೆಂಚಯ್ಯನ ಮನೆಗೆ ಹೋಗಿದ್ದಳು. ಅದನ್ನು ಹೇಳಲೆಂದು ಬಾಯಿ ತೆರೆದಳು.

"ಅಕ್ಕಾ, ನಾನು ಇವತ್ತೂ..."

"ಅದ್ನ ಯಾರ್ ಕೇಳಿದ್ರು ನಿನ್ನ?" ಎಂದಳು ಕಾವೇರಮ್ಮ. "ಮೊಗೀನ್ ಮೇಲೆ ಗಾಳಿ ಬೀಸ್ತಾ ಐತೆ. ಎತ್ಕಂಡು ಒಳೀಕ್ ಬಾ."