ಪೈಪಿಲ್ಲದ ಕೆಲಸ

ಸೂಜಿಯನ್ನು ಹೊಟ್ಟೆಯಿಂದ ಕಿತ್ತ ಮೇಲೆ ಮಗಳಿಗೆ ಹೊಳೆಯಿತು, ಮನೆಯಲ್ಲಿ ತಿಂಡಿಯೇ ಆಗಿಲ್ಲ. ಇಪ್ಪತ್ತು ವರ್ಷದ ಅಭ್ಯಾಸ. ಏಳೂವರೆ ಆಯಿತೆಂದರೆ ಕೈ ತಾನಾಗಿ ಇನ್ಸುಲಿನ್ನಿಗೆ ಹೋಗುತ್ತಿತ್ತು. ನಡುಮನೆಯಲ್ಲಿ ಅಪ್ಪ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಒಲೆ ತಣ್ಣಗಿತ್ತು.

"ಗಾಡಿ ಬಂತು, ಏಳಿ ಏಳಿ," ಎಂದಳು ಸೋದರತ್ತೆ. "ಒಂದು ಹನಿ ಕಣ್ಣೀರಿಲ್ವಲ್ಲೇ, ಕಲ್ಲಾಗ್ಬಿಟ್ಯಾ?"

ಅಪ್ಪನ ಹೆಣದ ಮುಂದೆ ಹಸಿವಿನ ಮಾತೆತ್ತುವುದು ಹೇಗೆ? ಮಗಳು ಎದ್ದು ಹೆಣದ ಜೊತೆ ಮಸಣದ ಗಾಡಿ ಹತ್ತಿದಳು.

ಗಾಡಿಯಲ್ಲಿ ಅಪ್ಪನ ಜೊತೆಗಾರ ಗಾರೆಯವನು ಅವಳ ತೊಡೆಯ ಮೇಲೆ ಉಪಕರಣದ ಚೀಲವಿಟ್ಟ. "ನಿಮ್ಮಪ್ಪಂದು, ಕೆಲಸದ ಮನೇಲೇ ಉಳಿದಿತ್ತು, ತಾಯಿ. ಊರಿನ ನಲ್ಲಿ ಸೋರೋದನ್ನೆಲ್ಲ ನಿಲ್ಲಿಸ್ದ, ತನ್ನ ಮೂಗು ಸೋರೋದನ್ನ ಮಾತ್ರ ನಿಲ್ಲಿಸ್ಲಿಲ್ಲ ಪುಣ್ಯಾತ್ಮ."

ಯಾರೋ ನಕ್ಕು, ನಗು ನುಂಗಿಕೊಂಡರು.

*

ಅವಳಿಗಾಗ ಒಂಬತ್ತು. ಡಾಕ್ಟರು ಹಾಳೆಯ ಮೇಲೆ ಹೊಟ್ಟೆಯ ಹಿಂದೆ ಅಡಗಿರುವ ಎಲೆಯಂಥದ್ದೊಂದನ್ನು ಬರೆದರು. "ಇದು ಮೇದೋಜೀರಕ ಗ್ರಂಥಿ. ಎರಡು ಕೆಲಸ. ಊಟ ಅರಗಿಸೋ ರಸಾನ ಈ ನಾಳದಿಂದ ಕರುಳಿಗೆ ಬಿಡುತ್ತೆ. ಅದು ಸರಿಯಾಗೇ ಇದೆ. ಸಕ್ಕರೆ ಮೈಗೆ ಸೇರೋಕೆ ಬೇಕಾದ ಇನ್ಸುಲಿನ್ನನ್ನ ನೇರ ರಕ್ತಕ್ಕೇ ಬಿಡುತ್ತೆ. ಅದು ನಿಂತಿದೆ."

"ಪೈಪಿಲ್ದೇನಾ?" ಕೊಳಾಯಿ ಕೆಲಸದ ಅಪ್ಪ ಸೋತವನಂತೆ ಕೇಳಿದ. "ಪೈಪಿದ್ದಿದ್ರೆ ಏನಾದ್ರೂ ಮಾಡ್ಬೋದಿತ್ತು."

"ಸೂಜಿ ಹಾಕಿ. ಆದ್ರೆ ಹುಷಾರು. ಗ್ರಂಥಿ ಊಟ ನೋಡ್ಕೊಂಡು ಇನ್ಸುಲಿನ್ ಬಿಡುತ್ತೆ. ಸೂಜಿ ನೋಡಲ್ಲ. ಊಟ ತಪ್ಪಿದ್ರೆ ಸಕ್ಕರೆ ಇಳಿದು ಮಗು ಕುಸಿದುಬೀಳುತ್ತೆ."

"ಹಾಗಿದ್ರೆ ನೋಡೋಕೆ ನಾನಿದೀನಿ," ಎಂದ ಅಪ್ಪ.

*

ಅವಳ ಕೈ ನಡುಗತೊಡಗಿತು. ಕುತ್ತಿಗೆಯಲ್ಲಿ ತಣ್ಣನೆಯ ಬೆವರು. ಮಾತು ನಾಲಿಗೆಗೆ ಬರಲಿಲ್ಲ.

"ಈಗ ಬಂತು ನೋಡಿ ದುಃಖ," ಎಂದಳು ಅತ್ತೆ. "ಬಿಡಿ, ಹಗುರಾಗ್ಲಿ."

ಅವಳ ಬೆರಳು ಚೀಲದೊಳಗೆ ಇಳಿದವು. ಸ್ಪ್ಯಾನರು, ರಬ್ಬರ್ ವಾಷರು, ಒಂದು ತಗಡಿನ ಡಬ್ಬಿ. ಡಬ್ಬಿಯಲ್ಲಿ ಸಕ್ಕರೆಯ ಅಚ್ಚುಗಳು. ಪ್ರತಿಯೊಂದಕ್ಕೂ ನಲ್ಲಿಯ ತಿರುಪಿಗೆ ಸೋರದಂತೆ ಸುತ್ತುವ ಬಿಳಿ ಟೇಪು, ನೀರು ತಾಗದಂತೆ ಬಿಗಿಯಾಗಿ. ತುದಿ ಅವಳ ಉಗುರಿಗೆ ಸಿಗಲಿಲ್ಲ.

ಗಾರೆಯವನು ಅವಳ ಮುಖ ನೋಡಿದ. "ಅಯ್ಯೋ, ಇದು ದುಃಖ ಅಲ್ಲಮ್ಮ! ಕೊಡಿಲ್ಲಿ!" ಹಲ್ಲಿನಿಂದ ಟೇಪು ಬಿಚ್ಚಿ ಸಕ್ಕರೆಯನ್ನು ಅವಳ ಬಾಯಿಗಿಟ್ಟ. ಮತ್ತೊಂದು. ಮತ್ತೂ ಒಂದು. "ನೀನು ಜೊತೇಲಿಲ್ದಿದ್ರೂ ನಿಮ್ಮಪ್ಪ ಇದನ್ನ ಹೊತ್ಕೊಂಡೇ ತಿರುಗೋನು."

ಅತ್ತೆ ಸೆರಗಿನಿಂದ ಅವಳ ಬೆವರೊರೆಸಿದಳು. ಗಾಡಿ ನಿಂತಿತು. ಎಲ್ಲರೂ ಇಳಿದರು.

ಮಗಳು ಮಾತ್ರ ಕೂತೇ ಇದ್ದಳು, ಬಿಚ್ಚಿದ ಟೇಪನ್ನು ತೋರುಬೆರಳಿಗೆ ಸುತ್ತುತ್ತ. ಎಡದಿಂದ ಬಲಕ್ಕೆ, ಬಿಗಿಯಾಗಿ, ಸೋರದ ಹಾಗೆ.